ಸಿಪಿಯು ಖಾಲಿ ಇದೆ, ಲೋಡ್ ಮಾತ್ರ 14. ಹಳೆ ಸರ್ವರ್ ಯಾಕೆ ಇಷ್ಟು ನಿಧಾನ?

ಹಳೆಪೆಟ್ಟಿಗೆ
ಎಲ್ಲರಿಗೂ ನಮಸ್ಕಾರ. ಮೂರು ವಾರದಿಂದ ತಲೆ ಕೆಟ್ಟುಹೋಗಿದೆ, ದಯವಿಟ್ಟು ಸಹಾಯ ಮಾಡಿ.

ಒಂದು ಗ್ರಂಥಾಲಯದ ಪುಸ್ತಕ ಪಟ್ಟಿಯ ಸರ್ವರ್ ನೋಡಿಕೊಳ್ಳುವ ಕೆಲಸ ನನಗೆ ಬಂದಿದೆ. ಕೋರ್ 2 ಡ್ಯೂಯೊ ಪ್ರೊಸೆಸರ್, 2 ಜಿಬಿ ಡಿಡಿಆರ್2 ಮೆಮೊರಿ, 7200 ಆರ್‌ಪಿಎಂ ಸಾಟಾ ಡಿಸ್ಕ್ ಒಂದೇ ಒಂದು. ಡೆಬಿಯನ್ ಲಿನಕ್ಸ್, ವೆಬ್ ಪುಟ ಕಳುಹಿಸುವ ಅಪಾಚೆ, ಪಿಎಚ್‌ಪಿ, ಡೇಟಾಬೇಸ್‌ಗೆ ಮರಿಯಾಡಿಬಿ ಇವೆ. ಓದುಗರು ಪುಸ್ತಕ ಹುಡುಕುವುದು, ಕಾಯ್ದಿರಿಸುವುದು ಎಲ್ಲ ಇದರಲ್ಲೇ.

ಬೆಳಗ್ಗೆ ಚೆನ್ನಾಗಿ ಓಡುತ್ತದೆ. ಹತ್ತೂವರೆ ಆದಮೇಲೆ ಒಂದು ಪುಟ ತೆರೆಯಲು 30-40 ಸೆಕೆಂಡ್. ಎಸ್‌ಎಸ್‌ಎಚ್‌ನಲ್ಲಿ, ಅಂದ್ರೆ ದೂರದಿಂದ, ಒಳಗೆ ಹೋಗಲು ಒಂದು ನಿಮಿಷ. ಹೇಗೋ ಒಳಗೆ ಹೋಗಿ ಟಾಪ್ ಕಮಾಂಡ್ ಓಡಿಸಿ ನೋಡಿದರೆ ಸಿಪಿಯು ಬಳಕೆ 5% ಕೂಡ ಇಲ್ಲ, ಲೋಡ್ ಮಾತ್ರ 14! ಇದು ಹೇಗೆ ಸಾಧ್ಯ? ಪ್ರೊಸೆಸರ್ ಹಳೆಯದಾಗಿ ಸುಸ್ತಾಗಿದೆಯಾ? ಹೊಸ ಸರ್ವರ್‌ಗೆ ಈ ವರ್ಷ ಹಣ ಇಲ್ಲ ಅಂತ ಮೊದಲೇ ಹೇಳಿಬಿಟ್ಟಿದ್ದಾರೆ.

ವೇಗಪ್ರಿಯ
2 ಜಿಬಿ ಅಂದ್ರೆ ಈಗಿನ ಸಾಧಾರಣ ಫೋನಿಗಿಂತ ಕಡಿಮೆ. ಎಷ್ಟು ಒದ್ದಾಡಿದರೂ ಅಷ್ಟೇ. ಬದಲಾಯಿಸಿ.

ರಾತ್ರಿಪಾಳಿ
ಹಣ ಇಲ್ಲ ಅಂತ ಅವರು ಬರೆದಿದ್ದಾರಲ್ಲ. ಮೊದಲು ಏನಾಗಿದೆ ಅಂತ ನೋಡೋಣ.

ಹಳೆಪೆಟ್ಟಿಗೆ ಅವರೇ, ಪ್ರೊಸೆಸರ್ ಸುಸ್ತಾಗುವುದಿಲ್ಲ. ಲಿನಕ್ಸ್‌ನಲ್ಲಿ ಲೋಡ್ ಅಂದ್ರೆ ಸಿಪಿಯು ಬೇಕು ಅಂತ ಸಾಲಿನಲ್ಲಿ ನಿಂತವರ ಲೆಕ್ಕ ಮಾತ್ರ ಅಲ್ಲ. ಡಿಸ್ಕ್‌ನಿಂದ ಏನೋ ಬರಬೇಕು ಅಂತ ಅಲ್ಲಾಡದೆ ಕಾಯುತ್ತಿರುವ ಪ್ರೋಗ್ರಾಮ್‌ಗಳೂ ಅದರಲ್ಲಿ ಸೇರುತ್ತವೆ. 1993ರಿಂದ ಹೀಗೇ ಇದೆ. ಟಾಪ್‌ನಲ್ಲಿ ಸ್ಥಿತಿ ತೋರಿಸುವ ಕಾಲಂನಲ್ಲಿ ಡಿ ಅಂತ ಕಂಡರೆ ಅವೇ ಇವು. ಅಂದರೆ ನಿಮ್ಮ ಸರ್ವರ್‌ನಲ್ಲಿ ಕೆಲಸ ಜಾಸ್ತಿ ಆಗಿಲ್ಲ, ಕಾಯುವುದು ಜಾಸ್ತಿ ಆಗಿದೆ. ಯಾವುದಕ್ಕೆ ಕಾಯುತ್ತಿದೆ ಅಂತ ಹುಡುಕಬೇಕು.

ನಿಧಾನ ಆದ ಹೊತ್ತಿನಲ್ಲೇ ಎರಡು ಕಮಾಂಡ್ ಓಡಿಸಿ. ಒಂದು ಫ್ರೀ, ಮೆಮೊರಿ ಎಷ್ಟು ಬಳಕೆಯಲ್ಲಿದೆ ಅಂತ ತೋರಿಸುತ್ತದೆ, ಎಂಬಿ ಲೆಕ್ಕದಲ್ಲಿ. ಇನ್ನೊಂದು ವಿಎಂಸ್ಟ್ಯಾಟ್ 1, ಸೆಕೆಂಡಿಗೊಂದು ಸಾಲು ಕೊಡುತ್ತದೆ. ವಿಎಂಸ್ಟ್ಯಾಟ್‌ನ ಮೊದಲ ಸಾಲು ಬಿಟ್ಟುಬಿಡಿ, ಅದು ಸರ್ವರ್ ಆನ್ ಆದಾಗಿನಿಂದ ಇಲ್ಲಿಯವರೆಗಿನ ಸರಾಸರಿ. ಆಮೇಲಿನ ಹತ್ತು ಸಾಲು ಇಲ್ಲಿ ಹಾಕಿ.

ಕಪ್ಪುಪರದೆ
ಇಷ್ಟೆಲ್ಲಾ ಯಾಕೆ? ಹೊತ್ತಿಗೆ ಸರಿಯಾಗಿ ಕಮಾಂಡ್ ಓಡಿಸುವ ಕ್ರಾನ್‌ನಲ್ಲಿ, ಗಂಟೆಗೊಮ್ಮೆ ಡ್ರಾಪ್ ಕ್ಯಾಶಸ್‌ಗೆ 3 ಬರೆದು ಕ್ಯಾಶ್ ಖಾಲಿ ಮಾಡುವ ಸಾಲು ಸೇರಿಸಿ. ನಾನು ಎರಡು ವರ್ಷದಿಂದ ಮಾಡುತ್ತಿದ್ದೇನೆ. ಒಮ್ಮೆ ಓಡಿದ ಕೂಡಲೇ 900 ಎಂಬಿ ಫ್ರೀ ಆಗುತ್ತದೆ, ಕಣ್ಣಾರೆ ನೋಡಬಹುದು.

ಮೌನಕರ್ನಲ್
ದಯವಿಟ್ಟು ಇದನ್ನು ಮಾತ್ರ ಮಾಡಬೇಡಿ.

ರಾತ್ರಿಪಾಳಿ
> ಒಮ್ಮೆ ಓಡಿದ ಕೂಡಲೇ 900 ಎಂಬಿ ಫ್ರೀ ಆಗುತ್ತದೆ

ಆಗುತ್ತದೆ ನಿಜ. ಆದರೆ ಆ 900 ಎಂಬಿಯಲ್ಲಿ ಇದ್ದದ್ದು ಏನು? ಡಿಸ್ಕ್‌ನಿಂದ ಆಗಷ್ಟೇ ಕಷ್ಟಪಟ್ಟು ಓದಿ ತಂದ ಫೈಲ್‌ಗಳು. ಅದನ್ನು ಎಸೆದರೆ ಮುಂದಿನ ಓದುಗ ಬಂದಾಗ ಮತ್ತೆ ಅದೇ ಡಿಸ್ಕ್‌ನಿಂದ ತರಬೇಕು. ಯಾವುದಾದರೂ ಪ್ರೋಗ್ರಾಮ್‌ಗೆ ಜಾಗ ಬೇಕಾದರೆ ಕರ್ನಲ್ (ಲಿನಕ್ಸ್‌ನ ತಿರುಳು) ಆ ಕ್ಯಾಶ್ ಅನ್ನು ತಾನೇ ಬಿಟ್ಟುಕೊಡುತ್ತದೆ, ನಾವು ಹೇಳಬೇಕಾಗಿಲ್ಲ. ಫ್ರೀ ಕಾಲಂ ನೋಡಿ ಗಾಬರಿ ಆಗಬೇಡಿ, ಅವೈಲಬಲ್ ಕಾಲಂ ನೋಡಿ. ಆ ಲೆಕ್ಕ 2014ರ 3.14 ಕರ್ನಲ್‌ನಿಂದ ಇದೆ.

ಕಪ್ಪುಪರದೆ
ನನ್ನ ಸರ್ವರ್ ಎರಡು ವರ್ಷ ಚೆನ್ನಾಗೇ ಓಡಿದೆ. ಥಿಯರಿ ಬೇರೆ, ಅನುಭವ ಬೇರೆ.

ರಾತ್ರಿಪಾಳಿ
ಒಂದು ವಾರ ಆ ಸಾಲು ತೆಗೆದು ಪುಟ ತೆರೆಯುವ ಸಮಯ ಅಳೆದು ನೋಡಿ. ಬಂದ ಅಂಕಿ ಏನೇ ಆಗಿರಲಿ, ಇಲ್ಲಿ ಹಾಕಿ. ನಾನು ಹೇಳಿದ್ದು ತಪ್ಪಾದರೆ ಒಪ್ಪಿಕೊಳ್ಳುತ್ತೇನೆ.

ತಿರುಪುಳಿ
ಕಮಾಂಡ್‌ಗಿಂತ ಮೊದಲು ಪೆಟ್ಟಿಗೆ ಬಿಚ್ಚಿ ಧೂಳು ನೋಡಿ ಸ್ವಾಮಿ. ನನ್ನ ಹತ್ತಿರ ಬಂದ ಒಂದು ಮಷೀನ್ ಹೀಗೇ ಮಧ್ಯಾಹ್ನದ ಹೊತ್ತಿಗೆ ಕುಂಟುತ್ತಿತ್ತು. ಹೀಟ್‌ಸಿಂಕ್ ರೆಕ್ಕೆಗಳ ಮಧ್ಯೆ ಧೂಳು ಕಂಬಳಿಯ ಹಾಗೆ ಕೂತಿತ್ತು, ಎರಡು ಬೆರಳಲ್ಲಿ ಹಿಡಿದರೆ ಒಂದೇ ತುಂಡಾಗಿ ಎದ್ದುಬಂತು. ಕೆಳಗಿನ ಥರ್ಮಲ್ ಪೇಸ್ಟ್ ಒಣಗಿ ಸುಣ್ಣದ ಪುಡಿ ಆಗಿತ್ತು. ಬಿಸಿ ಏರಿದ ಕೂಡಲೇ ಪ್ರೊಸೆಸರ್ ತನ್ನ ವೇಗ ತಾನೇ ಇಳಿಸಿಕೊಳ್ಳುತ್ತಿತ್ತು. ಕರ್ನಲ್ ಸಂದೇಶ ತೋರಿಸುವ ಡಿಮೆಸೇಜ್‌ನಲ್ಲಿ ಥ್ರಾಟಲ್ಡ್ ಅನ್ನುವ ಪದ ಹುಡುಕಿ.

ಹಳೆಪೆಟ್ಟಿಗೆ
ಥ್ರಾಟಲ್ಡ್ ಎಲ್ಲೂ ಇಲ್ಲ. ಸೆನ್ಸರ್ಸ್ 52 ಡಿಗ್ರಿ ತೋರಿಸುತ್ತಿದೆ. ಆದರೂ ಭಾನುವಾರ ಬಿಚ್ಚಿ ಒರೆಸುತ್ತೇನೆ.

ಇವತ್ತು 11:20ಕ್ಕೆ ತೆಗೆದ ಅಂಕಿಗಳು. ಫ್ರೀ ಹೇಳಿದ್ದು ಹೀಗೆ:

ಒಟ್ಟು 1990, ಬಳಕೆ 1702, ಫ್ರೀ 58, ಬಫರ್ ಮತ್ತು ಕ್ಯಾಶ್ 230, ಅವೈಲಬಲ್ 121
ಸ್ವಾಪ್ ಒಟ್ಟು 2047, ಬಳಕೆ 1630

ವಿಎಂಸ್ಟ್ಯಾಟ್‌ನ ಹತ್ತು ಸಾಲೂ ಹೆಚ್ಚುಕಡಿಮೆ ಒಂದೇ ಥರ ಇವೆ. ಒಂದು ಸಾಲು ಕೊಡುತ್ತೇನೆ:

ಆರ್ 1, ಬಿ 11, ಎಸ್‌ಐ 1412, ಎಸ್‌ಒ 1096, ಯುಎಸ್ 3, ಎಸ್‌ವೈ 4, ಐಡಿ 6, ಡಬ್ಲ್ಯುಎ 87

ಇದರಲ್ಲಿ ಯಾವುದು ಕೆಟ್ಟದ್ದು ಅಂತ ನನಗೆ ಗೊತ್ತಾಗುತ್ತಿಲ್ಲ. 1412 ಕೆಬಿ ಅಂದ್ರೆ ಸೆಕೆಂಡಿಗೆ ಒಂದೂವರೆ ಎಂಬಿ ಕೂಡ ಆಗಲಿಲ್ಲ. ಡಿಸ್ಕ್ 80-90 ಎಂಬಿ ವೇಗದಲ್ಲಿ ಓದುತ್ತದೆ, ನಾನೇ ಕಾಪಿ ಮಾಡಿ ನೋಡಿದ್ದೇನೆ.

ಗಿರಕಿ7200
ಈ ಪ್ರಶ್ನೆ ನನಗೆ ಬಹಳ ಇಷ್ಟ ಆಯ್ತು, ಸ್ವಲ್ಪ ಉದ್ದ ಬರೆಯುತ್ತೇನೆ.

ದೊಡ್ಡ ಫೈಲ್ ಕಾಪಿ ಮಾಡುವಾಗ ಡಿಸ್ಕ್‌ನ ತಲೆ ಒಂದೇ ಕಡೆ ಕೂತು ಸಾಲಾಗಿ ಓದುತ್ತದೆ. ಸ್ವಾಪ್, ಅಂದ್ರೆ ಮೆಮೊರಿ ಸಾಲದಾಗ ಅದರ ಚೂರುಗಳನ್ನು ಇಡುವ ಡಿಸ್ಕ್ ಜಾಗ, ಹಾಗಲ್ಲ. ಚೂರು ಇಲ್ಲಿ, ಚೂರು ಅಲ್ಲಿ. 7200 ಆರ್‌ಪಿಎಂ ಅಂದ್ರೆ ಸೆಕೆಂಡಿಗೆ 120 ಸುತ್ತು, ಒಂದು ಸುತ್ತಿಗೆ 8.3 ಮಿಲಿಸೆಕೆಂಡ್. ಬೇಕಾದ ಜಾಗ ತಲೆಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು, 4.2 ಮಿಲಿಸೆಕೆಂಡ್ ಹೋಯ್ತು. ತಲೆ ಆ ಪಥಕ್ಕೆ ಸರಿಯಲು ಇನ್ನೊಂದು 8 ಮಿಲಿಸೆಕೆಂಡ್ ಇಟ್ಟುಕೊಳ್ಳಿ. ಒಟ್ಟು 12 ದಾಟಿತು. ಅಂದ್ರೆ ಸೆಕೆಂಡಿಗೆ ಸುಮಾರು 80 ಸಲ ಮಾತ್ರ ಈ ಓಡಾಟ ಸಾಧ್ಯ.

ಲಿನಕ್ಸ್ ಸ್ವಾಪ್‌ನಿಂದ ಒಂದು ಸಲಕ್ಕೆ 8 ಪುಟ (ವೆಬ್ ಪುಟ ಅಲ್ಲ, ಮೆಮೊರಿಯ ಚೂರು) ತರುತ್ತದೆ, ಪೇಜ್ ಕ್ಲಸ್ಟರ್ 3 ಅಂತ ಇರುವುದು ಅದಕ್ಕೇ. ಒಂದು ಪುಟ 4 ಕೆಬಿ, 8 ಪುಟ 32 ಕೆಬಿ. 80 ಸಲ 32 ಕೆಬಿ ಅಂದ್ರೆ 2560 ಕೆಬಿ. ಈಗ ನಿಮ್ಮ ಎಸ್‌ಐ (ಸೆಕೆಂಡಿಗೆ ಸ್ವಾಪ್‌ನಿಂದ ಬಂದ ಕೆಬಿ), ಎಸ್‌ಒ (ಸ್ವಾಪ್‌ಗೆ ಹೋದ ಕೆಬಿ) ಕೂಡಿಸಿ. 2508! ನಿಮ್ಮ ಡಿಸ್ಕ್ ಆರಾಮಾಗಿ ಇಲ್ಲ, ತನ್ನ ಕೈಲಾದಷ್ಟೂ ಓಡುತ್ತಿದೆ. ಬರೆಯುವ ಕೆಲಸ ಓದಿದಷ್ಟು ಚದುರಿರುವುದಿಲ್ಲ, ಹಾಗಾಗಿ ಲೆಕ್ಕ ಇಷ್ಟು ಕರಾರುವಾಕ್ಕಾಗಿ ಕೂತದ್ದು ಸ್ವಲ್ಪ ಅದೃಷ್ಟ. ಆದರೆ ಅಂದಾಜು ಇದೇ.

ಮೆಮೊರಿಯಲ್ಲಿ ಇದ್ದಿದ್ದರೆ ಅದೇ ಪುಟ ಸುಮಾರು 100 ನ್ಯಾನೊಸೆಕೆಂಡಿನಲ್ಲಿ ಸಿಗುತ್ತಿತ್ತು. ಈಗ 12 ಮಿಲಿಸೆಕೆಂಡ್. ಲಕ್ಷಪಟ್ಟಿಗೂ ಮೀರಿ ನಿಧಾನ. ಸಿಪಿಯು ಸುಮ್ನೆ ಕೂತಿರುವುದು ಇದಕ್ಕೇ, ಡಬ್ಲ್ಯುಎ 87 ಅಂದ್ರೆ ಅದೇ, 87% ಸಮಯ ಡಿಸ್ಕ್‌ಗಾಗಿ ಕಾಯುವುದು. ಬಿ 11 ಅಂದ್ರೆ ಹಾಗೆ ಕಾಯುತ್ತಿರುವ ಪ್ರೋಗ್ರಾಮ್‌ಗಳು.

ಹೊಸಬ_22
ಅಬ್ಬಾ, ಈ ಲೆಕ್ಕ ಯಾರೂ ಹೀಗೆ ಬಿಡಿಸಿ ಹೇಳಿರಲಿಲ್ಲ. ಬರೆದಿಟ್ಟುಕೊಂಡೆ.

ಬೈಟ್‌ಬಳ್ಳಿ
ಹಾಗಾದ್ರೆ ಸ್ವಾಪ್ ಅನ್ನೇ ತೆಗೆದುಹಾಕಲಿ. ಸ್ವಾಪ್‌ಆಫ್ ಮಾಡಿದರೆ ಡಿಸ್ಕ್‌ಗೆ ಹೋಗುವ ಪ್ರಶ್ನೆಯೇ ಇಲ್ಲವಲ್ಲ?

ಮೌನಕರ್ನಲ್
ಹೋಗುತ್ತದೆ. ಪ್ರೋಗ್ರಾಮ್‌ಗಳ ಕೋಡ್ ಕೂಡ ಡಿಸ್ಕ್‌ನ ಫೈಲ್‌ನಿಂದಲೇ ಬಂದಿರುವುದು. ಸ್ವಾಪ್ ಇಲ್ಲದಿದ್ದರೆ ಕರ್ನಲ್ ಆ ಕೋಡ್ ಪುಟಗಳನ್ನು ಬಿಟ್ಟುಬಿಡುತ್ತದೆ, ಮರುಕ್ಷಣ ಬೇಕಾದಾಗ ಮತ್ತೆ ಡಿಸ್ಕ್‌ನಿಂದ ಓದುತ್ತದೆ. ಎಸ್‌ಐ, ಎಸ್‌ಒ ಸೊನ್ನೆ ತೋರಿಸುತ್ತವೆ, ಸರ್ವರ್ ಮಾತ್ರ ಹಾಗೇ ಹೆಪ್ಪುಗಟ್ಟಿರುತ್ತದೆ. ಕಾಯಿಲೆ ಇದೆ, ಲಕ್ಷಣ ಕಾಣುವುದಿಲ್ಲ ಅನ್ನುವ ಪರಿಸ್ಥಿತಿ. ಕೊನೆಗೆ, ಮೆಮೊರಿ ಮುಗಿದಾಗ ಪ್ರೋಗ್ರಾಮ್ ಕೊಲ್ಲುವ ಓಓಎಂ ಕಿಲ್ಲರ್ ಬಂದು ಮರಿಯಾಡಿಬಿಯನ್ನೇ ಹೊಡೆದು ಹಾಕುತ್ತದೆ.

ನಿಮ್ಮ ಕರ್ನಲ್ 4.20 ಅಥವಾ ಅದಕ್ಕಿಂತ ಹೊಸದಾಗಿದ್ದರೆ ಪ್ರಾಕ್ ಫೋಲ್ಡರ್ ಅಡಿಯಲ್ಲಿ ಪ್ರೆಷರ್ ಅನ್ನುವ ಜಾಗ ಇದೆಯಾ ನೋಡಿ. ಅಲ್ಲಿ ಮೆಮೊರಿಗಾಗಿ ಎಷ್ಟು ಶೇಕಡಾ ಸಮಯ ಕಾಯುವುದರಲ್ಲೇ ಕಳೆಯಿತು ಅಂತ ನೇರವಾಗಿ ಬರೆದಿರುತ್ತದೆ. ಸ್ವಾಪ್ ಇರಲಿ ಬಿಡಲಿ, ಆ ಅಂಕಿ ಸುಳ್ಳು ಹೇಳುವುದಿಲ್ಲ.

ಬೈಟ್‌ಬಳ್ಳಿ
ಸರಿ, ಇದು ಗೊತ್ತಿರಲಿಲ್ಲ. ನನ್ನ ಒಂದು ಮಷೀನ್‌ನಲ್ಲಿ ಇದೇ ಆಗುತ್ತಿರಬೇಕು, ಇವತ್ತೇ ನೋಡುತ್ತೇನೆ.

ರಾತ್ರಿಪಾಳಿ
ಹಳೆಪೆಟ್ಟಿಗೆ, ಈಗ ಮೆಮೊರಿ ತಿನ್ನುತ್ತಿರುವುದು ಯಾರು ಅಂತ ನೋಡಬೇಕು. ಪ್ರೋಗ್ರಾಮ್‌ಗಳ ಪಟ್ಟಿ ಕೊಡುವ ಪಿಎಸ್ ಅನ್ನು ಆರ್‌ಎಸ್‌ಎಸ್ (ಒಂದೊಂದೂ ಮೆಮೊರಿಯಲ್ಲಿ ಹಿಡಿದ ಜಾಗ) ಪ್ರಕಾರ ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ ತೋರಿಸಿ. ಅಪಾಚೆ ಪ್ರೀಫೋರ್ಕ್ ಇದೆಯಾ, ಅಂದ್ರೆ ಒಬ್ಬೊಬ್ಬ ಓದುಗನಿಗೂ ಒಂದೊಂದು ಅಪಾಚೆ ಪ್ರಾಸೆಸ್? ಅವು ಒಟ್ಟಿಗೆ ಹೆಚ್ಚೆಂದರೆ ಎಷ್ಟು ಅಂತ ಹೇಳುವ ಮ್ಯಾಕ್ಸ್‌ರಿಕ್ವೆಸ್ಟ್‌ವರ್ಕರ್ಸ್ ಎಷ್ಟಿದೆ?

ಹಳೆಪೆಟ್ಟಿಗೆ
ಪ್ರೀಫೋರ್ಕ್. ಡೆಬಿಯನ್ ಜೊತೆ ಬಂದ 150 ಹಾಗೇ ಇದೆ, ಯಾರೂ ಮುಟ್ಟಿಲ್ಲ. ಮೇಲಿನ 60 ಸಾಲೂ ಅಪಾಚೆಯೇ, ಒಂದೊಂದೂ ಸುಮಾರು 38 ಎಂಬಿ. ಆಮೇಲೆ ಮರಿಯಾಡಿಬಿ 300 ಎಂಬಿ. ಉಳಿದದ್ದೆಲ್ಲ ಚಿಲ್ಲರೆ.

60 ಸಲ 38 ಅಂದ್ರೆ 2280 ಎಂಬಿ. ಇರುವುದೇ 2 ಜಿಬಿ! ಸಿಕ್ಕಿತು ಅಲ್ವಾ?

ಲೆಕ್ಕಿಗ
ಅರ್ಧ ಸಿಕ್ಕಿತು. ಆರ್‌ಎಸ್‌ಎಸ್ ಅನ್ನು ಹಾಗೆ ಗುಣಿಸಬಾರದು. ಎಲ್ಲ ಅಪಾಚೆ ಮಕ್ಕಳೂ ಒಂದಷ್ಟು ಪುಟಗಳನ್ನು ಹಂಚಿಕೊಂಡಿರುತ್ತವೆ, ಆರ್‌ಎಸ್‌ಎಸ್ ಅದನ್ನು 60 ಸಲವೂ ಎಣಿಸುತ್ತದೆ. ಹಂಚಿಕೊಂಡದ್ದನ್ನು ಪಾಲು ಮಾಡಿ ಎಣಿಸುವ ಪಿಎಸ್‌ಎಸ್ ಬೇಕು. ಎಸ್‌ಮೆಮ್ ಅಂತ ಚಿಕ್ಕ ಟೂಲ್ ಇದೆ, ಹಾಕಿಕೊಳ್ಳಿ.

ಹಳೆಪೆಟ್ಟಿಗೆ
ಪಿಎಸ್‌ಎಸ್ ಒಂದಕ್ಕೆ 22 ಎಂಬಿ ಬಂತು. 60ಕ್ಕೆ 1320.

ರಾತ್ರಿಪಾಳಿ
ಅದೂ ಜಾಸ್ತಿಯೇ. 150 ಅನ್ನು 12ಕ್ಕೆ ಇಳಿಸಿ. ಕೀಪ್‌ಅಲೈವ್ ಟೈಮ್‌ಔಟ್ (ಓದುಗನ ಮುಂದಿನ ಕೋರಿಕೆಗೆ ಕಾಯುವ ಸೆಕೆಂಡುಗಳು) 5 ಇದ್ದರೆ 2 ಮಾಡಿ. ಪ್ರೀಫೋರ್ಕ್‌ನಲ್ಲಿ ಓದುಗ ಪುಟ ನೋಡುತ್ತಾ ಕೂತಿದ್ದರೂ ಆ ಒಂದು ಅಪಾಚೆ ಅವನಿಗಾಗಿ ಕಾದೇ ಇರುತ್ತದೆ.

ವೇಗಪ್ರಿಯ
12? ಬೆಳಗ್ಗೆ ಐವತ್ತು ಜನ ಒಟ್ಟಿಗೆ ಬಂದರೆ 38 ಜನರಿಗೆ ಬಾಗಿಲು ಮುಚ್ಚಿದ ಹಾಗೆ ಆಗುತ್ತದೆ. ಇದು ಪರಿಹಾರ ಅಲ್ಲ.

ರಾತ್ರಿಪಾಳಿ
ಬಾಗಿಲು ಮುಚ್ಚುವುದಿಲ್ಲ, ಸಾಲಿನಲ್ಲಿ ನಿಲ್ಲಿಸುತ್ತದೆ. ಅಪಾಚೆಯ ಲಿಸನ್ ಬ್ಯಾಕ್‌ಲಾಗ್ 511 ಇರುತ್ತದೆ, ಬಂದವರು ಅಲ್ಲಿ ಕಾಯುತ್ತಾರೆ. ನಾಲ್ಕು ಜನ ಕೂರುವ ಬೆಂಚಿನ ಮೇಲೆ ಇಪ್ಪತ್ತು ಜನ ಹತ್ತಿದರೆ ಯಾರಿಗೂ ಬರೆಯಲು ಆಗುವುದಿಲ್ಲ. ನಾಲ್ಕು ನಾಲ್ಕು ಜನ ಕೂತು ಎದ್ದರೆ ಎಲ್ಲರ ಕೆಲಸವೂ ಬೇಗ ಮುಗಿಯುತ್ತದೆ. ಮೆಮೊರಿಯಲ್ಲೇ ಕೆಲಸ ಆದರೆ ಒಂದು ಪುಟಕ್ಕೆ ಅರ್ಧ ಸೆಕೆಂಡ್ ಸಾಕು. 50 ಜನ ಬಂದರೂ ಕೊನೆಯವರು ಎರಡು ಮೂರು ಸೆಕೆಂಡ್ ಕಾಯಬಹುದು. ಈಗ ಕಾಯುತ್ತಿರುವುದು 40.

ಪೆಂಗ್ವಿನ್‌ಮರಿ
ಪ್ರೀಫೋರ್ಕ್ ಬಿಟ್ಟು ಅಪಾಚೆಯ ಇವೆಂಟ್ ವಿಧಾನ ಮತ್ತು ಪಿಎಚ್‌ಪಿಯನ್ನು ಬೇರೆಯಾಗಿ ಓಡಿಸುವ ಪಿಎಚ್‌ಪಿ-ಎಫ್‌ಪಿಎಂಗೆ ಹೋದರೆ ಇನ್ನೂ ಒಳ್ಳೆಯದು. ಚಿತ್ರ, ಸಿಎಸ್‌ಎಸ್ ಕೊಡಲು ಇಡೀ ಪಿಎಚ್‌ಪಿ ಹೊತ್ತ ಪ್ರಾಸೆಸ್ ಬೇಕಾಗಿಲ್ಲ.

ರಾತ್ರಿಪಾಳಿ
ಒಪ್ಪುತ್ತೇನೆ. ಆದರೆ ಒಂದು ದಿನಕ್ಕೆ ಒಂದೇ ಬದಲಾವಣೆ ಮಾಡಿ. ಎರಡು ಒಟ್ಟಿಗೆ ಮಾಡಿದರೆ ಯಾವುದರಿಂದ ಸರಿಹೋಯ್ತು ಅಂತ ತಿಳಿಯುವುದಿಲ್ಲ.

ಹೊಸಬ_22
ಮಧ್ಯೆ ಬಂದು ಕೇಳುತ್ತಿದ್ದೇನೆ, ಕ್ಷಮಿಸಿ. ನನ್ನ ಹಳೆ ಮಷೀನ್‌ಗೆ 4 ಜಿಬಿ ಹಾಕಿದೆ. 3.2 ಮಾತ್ರ ತೋರಿಸುತ್ತಿದೆ. 64 ಬಿಟ್ ಕರ್ನಲ್ ಹಾಕಿದರೂ ಹಾಗೇ. ಮೆಮೊರಿ ಕಡ್ಡಿ ಕೆಟ್ಟಿದೆಯಾ?

ತಿರುಪುಳಿ
ಚಿಪ್‌ಸೆಟ್ ಯಾವುದು? ಇಂಟೆಲ್ 945 ಆಗಿದ್ದರೆ ಕಡ್ಡಿ ಕೆಟ್ಟಿಲ್ಲ, ಅದರ ಮಿತಿಯೇ ಅಷ್ಟು. ಅದು ನೋಡಬಲ್ಲ ವಿಳಾಸ ಒಟ್ಟು 4 ಜಿಬಿ. ಅದರಲ್ಲೇ ಗ್ರಾಫಿಕ್ಸ್, ಪಿಸಿಐ ಸಾಧನಗಳಿಗೂ ವಿಳಾಸ ಕೊಡಬೇಕು. ಉಳಿದದ್ದು ನಿಮಗೆ. ಯಾವ ಕರ್ನಲ್ ಹಾಕಿದರೂ ಬದಲಾಗುವುದಿಲ್ಲ. ಬಯಾಸ್‌ನಲ್ಲಿ ಒಳಗಿನ ಗ್ರಾಫಿಕ್ಸ್‌ಗೆ ಕೊಟ್ಟ ಮೆಮೊರಿ ಕಡಿಮೆ ಮಾಡಿದರೆ ಸ್ವಲ್ಪ ವಾಪಸ್ ಸಿಗಬಹುದು. ಸರ್ವರ್‌ಗೆ ಪರದೆಯ ಕೆಲಸ ಏನಿದೆ ಹೇಳಿ.

ಹೊಸಬ_22
945ಜಿ! ನೀವು ಹೇಳಿದ ಹಾಗೇ ಮಾಡಿದೆ, 56 ಎಂಬಿ ವಾಪಸ್ ಬಂತು. ತುಂಬಾ ಥ್ಯಾಂಕ್ಸ್.

ಹಳೆಪೆಟ್ಟಿಗೆ
12ಕ್ಕೆ ಇಳಿಸಿ ಅಪಾಚೆಯನ್ನು ಪೂರ್ತಿ ನಿಲ್ಲಿಸಿ ಮತ್ತೆ ಶುರು ಮಾಡಿದೆ. ಇವತ್ತು ಹನ್ನೊಂದು ಗಂಟೆಗೆ ಪುಟ 0.8 ಸೆಕೆಂಡ್! ಕೌಂಟರ್‌ನಲ್ಲಿ ಕೂರುವವರು ಫೋನ್ ಮಾಡಿ ಹೊಸ ಸರ್ವರ್ ಬಂತಾ ಅಂತ ಕೇಳಿದರು. ಎಲ್ಲರಿಗೂ ಮನಸಾರೆ ಧನ್ಯವಾದ.

ರಾತ್ರಿಪಾಳಿ
ಬಹಳ ಸಂತೋಷ. ಎರಡು ದಿನ ಬಿಟ್ಟು ಫ್ರೀ ಇನ್ನೊಂದು ಸಲ ಹಾಕಿ.

ಕಪ್ಪುಪರದೆ
ನನ್ನ ವಿಷಯ ಹೇಳಿಬಿಡುತ್ತೇನೆ. ಡ್ರಾಪ್ ಕ್ಯಾಶಸ್ ಸಾಲು ತೆಗೆದು ಐದು ದಿನ ಆಯ್ತು. ಮೊದಲು ಪ್ರತಿ ಗಂಟೆಯ ಆರಂಭದ ನಾಲ್ಕೈದು ನಿಮಿಷ ಪುಟಗಳು 3 ಸೆಕೆಂಡ್ ತೆಗೆದುಕೊಳ್ಳುತ್ತಿದ್ದವು. ಅದು ಗಂಟೆಗೊಮ್ಮೆ ಜನ ಜಾಸ್ತಿ ಬರುವುದರಿಂದ ಅಂತ ನಾನು ತಿಳಿದಿದ್ದೆ. ಈಗ ಆ ಏರಿಕೆಯೇ ಇಲ್ಲ, ಇಡೀ ದಿನ 0.6 ಹತ್ತಿರವೇ ಇದೆ. ರಾತ್ರಿಪಾಳಿ ಹೇಳಿದ್ದು ಸರಿ.

ರಾತ್ರಿಪಾಳಿ
ಅಳೆದು ನೋಡಿ ಬಂದು ಹೇಳಿದ್ದಕ್ಕೆ ಧನ್ಯವಾದ. ಇದನ್ನು ಹುಡುಕಿಕೊಂಡು ಬರುವವರಿಗೆ ನಿಮ್ಮ ಅಂಕಿಯೇ ಎಲ್ಲಕ್ಕಿಂತ ಉಪಯೋಗ.

ಹಳೆಪೆಟ್ಟಿಗೆ
ಖುಷಿ ಪೂರ್ತಿ ಆಗಲಿಲ್ಲ. ಹಗಲು ಚೆನ್ನಾಗಿದೆ. ಆದರೆ ದಿನಕ್ಕೊಂದು ಸಲ ಐದಾರು ನಿಮಿಷ ಎಲ್ಲವೂ ನಿಂತುಹೋಗುತ್ತದೆ. ನಿನ್ನೆ ಸಂಜೆ ಗ್ರಂಥಾಲಯ ಮುಚ್ಚಿದ ಮೇಲೆ ಆಯ್ತು, ಆಗ ಒಬ್ಬ ಓದುಗನೂ ಇರಲಿಲ್ಲ. ಫ್ರೀ ನೋಡಿದರೆ ಸ್ವಾಪ್ ಬಳಕೆ ಇನ್ನೂ 1240 ಎಂಬಿ ಇದೆ.

ಗಿರಕಿ7200
ಡಿಸ್ಕ್ ಸಾಯುತ್ತಿರಬಹುದು. ಸ್ಮಾರ್ಟ್ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕ) ನೋಡಿ. 5, 197, 199 ಈ ಮೂರು ಸಾಲು ಮುಖ್ಯ. 197 ಸೊನ್ನೆಗಿಂತ ಜಾಸ್ತಿ ಇದ್ದರೆ ಡಿಸ್ಕ್ ಕೆಲವು ಜಾಗಗಳನ್ನು ಓದಲಾಗದೆ ಮತ್ತೆ ಮತ್ತೆ ಪ್ರಯತ್ನಿಸುತ್ತಿದೆ ಅಂತ. ಒಂದೊಂದು ಪ್ರಯತ್ನಕ್ಕೂ ಸೆಕೆಂಡುಗಟ್ಟಲೆ ಹೋಗುತ್ತದೆ. 199 ಏರುತ್ತಿದ್ದರೆ ಡಿಸ್ಕ್ ಸರಿಯಿದ್ದು ಕೇಬಲ್ ಕೆಟ್ಟಿರುವುದೇ ಜಾಸ್ತಿ. ನಾನು ಒಮ್ಮೆ ಡಿಸ್ಕ್ ಬದಲಾಯಿಸಿದೆ, ತೊಂದರೆ ಹೋಗಲಿಲ್ಲ. ಕೇಬಲ್ ಬದಲಾಯಿಸಿದೆ, ಹೋಯ್ತು.

ತಿರುಪುಳಿ
ಹಲವು ಡಿಸ್ಕ್ ಜೋಡಿಸುವ ರೇಡ್ ಕಾರ್ಡ್ ಇರುವ ಹಳೆ ಸರ್ವರ್ ಆಗಿದ್ದರೆ ಬ್ಯಾಟರಿಯನ್ನೂ ನೋಡಬೇಕು. ಬ್ಯಾಟರಿ ಸತ್ತರೆ ಬಹಳಷ್ಟು ಕಾರ್ಡ್‌ಗಳು ರೈಟ್ ಕ್ಯಾಶ್ ಅನ್ನು ತಾವೇ ಆಫ್ ಮಾಡುತ್ತವೆ. ಅಲ್ಲಿಂದ ಪ್ರತಿ ಬರವಣಿಗೆಯೂ ಡಿಸ್ಕ್ ಮುಟ್ಟುವ ತನಕ ಕಾಯಬೇಕು. ಎರಡು ವಾರ ಡೇಟಾಬೇಸ್‌ನಲ್ಲಿ ತಪ್ಪು ಹುಡುಕಿ ಕೊನೆಗೆ ಬೆಂಕಿಪೆಟ್ಟಿಗೆಯಷ್ಟು ಬ್ಯಾಟರಿ ಬದಲಾಯಿಸಿ ಸರಿಮಾಡಿದ್ದೇನೆ.

ಹಳೆಪೆಟ್ಟಿಗೆ
ರೇಡ್ ಇಲ್ಲ. ಸ್ಮಾರ್ಟ್‌ನಲ್ಲಿ ಮೂರೂ ಸೊನ್ನೆ.

ಪೆಂಗ್ವಿನ್‌ಮರಿ
ಸ್ವಾಪ್ 1240 ಬಗ್ಗೆ ಚಿಂತೆ ಬೇಡ. ಅದು ಹಳೆಯ ಕೊಳೆ. ಲಿನಕ್ಸ್ ಒಮ್ಮೆ ಸ್ವಾಪ್‌ಗೆ ಹಾಕಿದ್ದನ್ನು ಯಾರಾದರೂ ಮುಟ್ಟುವ ತನಕ ವಾಪಸ್ ತರುವುದಿಲ್ಲ. ಬಳಕೆ ಎಷ್ಟಿದೆ ಅನ್ನುವುದು ಮುಖ್ಯ ಅಲ್ಲ, ಎಸ್‌ಐ, ಎಸ್‌ಒ ಓಡುತ್ತಿದೆಯಾ ಅನ್ನುವುದು ಮುಖ್ಯ.

ಲೆಕ್ಕಿಗ
ಮಾತು ಸರಿ, ಆದರೆ ಇಲ್ಲಿ ಲೆಕ್ಕ ಕೂಡುವುದಿಲ್ಲ. ನೋಡಿ, ಒಂದು ಪ್ರಾಸೆಸ್ ಸತ್ತರೆ ಅದರ ಸ್ವಾಪ್ ಜಾಗವೂ ಆಗಲೇ ಬಿಡುಗಡೆ ಆಗುತ್ತದೆ. ಅವರು ಅಪಾಚೆಯನ್ನು ಪೂರ್ತಿ ನಿಲ್ಲಿಸಿ ಶುರು ಮಾಡಿದ್ದಾರೆ. ಹಾಗಾಗಿ ಆ 1240 ಅಪಾಚೆಯದ್ದಲ್ಲ. ಈಗಲೂ ಜೀವಂತ ಇರುವ ಯಾವುದೋ ಪ್ರಾಸೆಸ್‌ನದ್ದು.

ಮೊದಲ ದಿನದ ಅಂಕಿಯಲ್ಲೇ ಇದು ಕಾಣಬೇಕಿತ್ತು. ಮೆಮೊರಿ 1702, ಸ್ವಾಪ್ 1630, ಒಟ್ಟು 3332. ಅಪಾಚೆ 1320, ಮರಿಯಾಡಿಬಿ 300, ಉಳಿದ ಚಿಲ್ಲರೆಗೆ 200 ಇಡಿ. 1820 ಆಯ್ತು. ಇನ್ನು 1500 ಎಂಬಿ ಎಲ್ಲಿ? ಅಪಾಚೆಯ ಚೂರುಗಳು ಸ್ವಾಪ್‌ನಲ್ಲಿ ಇದ್ದವು ಅಂತಲೇ ಇಟ್ಟುಕೊಳ್ಳಿ, ಆದರೂ ಒಂದು ಜಿಬಿಗಿಂತ ಜಾಸ್ತಿ ಯಾರದ್ದೋ ಇದೆ.

ಪಿಎಸ್‌ನಲ್ಲಿ ಅದು ಮೇಲೆ ಬರಲಿಲ್ಲ ಯಾಕೆಂದರೆ ನಾವು ಆರ್‌ಎಸ್‌ಎಸ್ ಪ್ರಕಾರ ಜೋಡಿಸಿದೆವು. ಪೂರ್ತಿ ಸ್ವಾಪ್‌ಗೆ ಹೋಗಿ ಮಲಗಿದವನ ಆರ್‌ಎಸ್‌ಎಸ್ ಚಿಕ್ಕದಾಗೇ ಕಾಣುತ್ತದೆ. ಪ್ರತಿ ಪ್ರಾಸೆಸ್‌ನ ಸ್ಟೇಟಸ್ ಫೈಲ್‌ನಲ್ಲಿ ವಿಎಂಸ್ವಾಪ್ ಅನ್ನುವ ಸಾಲು ಇರುತ್ತದೆ, ಅದನ್ನು ತೆಗೆದು ಜೋಡಿಸಿ. ಇಲ್ಲವೇ ಎಸ್‌ಮೆಮ್‌ನಲ್ಲೇ ಸ್ವಾಪ್ ಕಾಲಂ ಇದೆ.

ಪೆಂಗ್ವಿನ್‌ಮರಿ
ಹೌದು, ಮರುಶುರು ಮಾಡಿದ್ದನ್ನು ನಾನು ಗಮನಿಸಿರಲಿಲ್ಲ. ಲೆಕ್ಕಿಗ ಹೇಳಿದ್ದೇ ಸರಿ.

ಹಳೆಪೆಟ್ಟಿಗೆ
ಕ್ಲಾಮ್‌ಡಿ!! ವಿಎಂಸ್ವಾಪ್ 1130 ಎಂಬಿ. ಆರ್‌ಎಸ್‌ಎಸ್ 14 ಎಂಬಿ ಮಾತ್ರ, ಅದಕ್ಕೇ ಪಟ್ಟಿಯಲ್ಲಿ ಎಲ್ಲೋ ಕೆಳಗೆ ಇತ್ತು. ಇದು ವೈರಸ್ ಹುಡುಕುವ ಕ್ಲಾಮ್‌ಎವಿ ಅಲ್ವಾ? ಇದು ಇಲ್ಲಿ ಯಾಕಿದೆ ಅಂತಲೇ ಗೊತ್ತಿಲ್ಲ.

ಮೌನಕರ್ನಲ್
ದಿನಕ್ಕೊಮ್ಮೆ ನಿಂತುಹೋಗುವುದಕ್ಕೂ ಇದೇ ಕಾರಣ ಇರಬೇಕು. ಕ್ಲಾಮ್‌ಎವಿ ವೈರಸ್ ಗುರುತುಗಳ ಇಡೀ ಪಟ್ಟಿಯನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ, ಅದೇ ಒಂದು ಜಿಬಿ ದಾಟುತ್ತದೆ. ಹೊಸ ಪಟ್ಟಿ ಬಂದಾಗ ಹಳೆಯದನ್ನು ಇಟ್ಟುಕೊಂಡೇ ಹೊಸದನ್ನು ಪಕ್ಕದಲ್ಲಿ ಕಟ್ಟುತ್ತದೆ, ತಪಾಸಣೆ ನಿಲ್ಲಬಾರದು ಅಂತ. 2020ರ 0.103 ಆವೃತ್ತಿಯಿಂದ ಇದೇ ಡೀಫಾಲ್ಟ್. ಆ ಕೆಲವು ನಿಮಿಷ ಅದಕ್ಕೆ ಎರಡು ಜಿಬಿಗೂ ಜಾಸ್ತಿ ಬೇಕು. ನಿಮ್ಮ ಇಡೀ ಸರ್ವರ್ ಅಷ್ಟು.

ಆ ಪಟ್ಟಿ ತರುವ ಫ್ರೆಶ್‌ಕ್ಲಾಮ್‌ನ ಲಾಗ್‌ನ ಸಮಯ, ನೀವು ಬರೆದಿಟ್ಟ ಸಮಯ ಹೋಲಿಸಿ.

ಹಳೆಪೆಟ್ಟಿಗೆ
ಹೋಲಿಸಿದೆ. ನಾಲ್ಕು ದಿನದ ನಾಲ್ಕೂ ಸಲ ಒಂದು ನಿಮಿಷದ ಒಳಗೆ ಹೊಂದಿಕೆ ಆಗುತ್ತಿದೆ. ಮೈ ಜುಂ ಅಂದಿತು.

ಬೈಟ್‌ಬಳ್ಳಿ
ಕಾನ್‌ಕರೆಂಟ್ ಡೇಟಾಬೇಸ್ ರೀಲೋಡ್ ಅನ್ನು ನೋ ಮಾಡಿ, ಎರಡು ಪಟ್ಟು ಆಗುವುದಿಲ್ಲ. ಹೊಸ ಪಟ್ಟಿ ಏರುವ ತನಕ ತಪಾಸಣೆ ನಿಂತಿರುತ್ತದೆ ಅಷ್ಟೇ.

ವೇಗಪ್ರಿಯ
ಅದಕ್ಕಿಂತ ಪೂರ್ತಿ ತೆಗೆದುಹಾಕಿ.

ಪೆಂಗ್ವಿನ್‌ಮರಿ
ತೆಗೆಯುವ ಮೊದಲು ಅದನ್ನು ಯಾರು ಬಳಸುತ್ತಿದ್ದಾರೆ ಅಂತ ನೋಡಿ. ಮೇಲ್ ಲಗತ್ತುಗಳನ್ನೋ ಜನ ಅಪ್‌ಲೋಡ್ ಮಾಡುವ ಫೈಲ್‌ಗಳನ್ನೋ ಅದು ಪರೀಕ್ಷಿಸುತ್ತಿದ್ದರೆ, ವೇಗಕ್ಕಾಗಿ ಅದನ್ನು ಕಿತ್ತುಹಾಕುವುದು ತಪ್ಪು. ಆಗ ಆ ಕೆಲಸವನ್ನು ಬೇರೆ ಮಷೀನ್‌ಗೆ ಕಳುಹಿಸಬೇಕು, ಕ್ಲಾಮ್‌ಡಿಗೆ ನೆಟ್‌ವರ್ಕ್ ಮೂಲಕ ಕೊಡಬಹುದು.

ಹಳೆಪೆಟ್ಟಿಗೆ
ವಿಚಾರಿಸಿದೆ. ಮೊದಲು ಮೇಲ್ ಕೂಡ ಇದೇ ಸರ್ವರ್‌ನಲ್ಲಿ ಇತ್ತಂತೆ. ಎರಡು ವರ್ಷದ ಹಿಂದೆ ಮೇಲ್ ಅನ್ನು ಬೇರೆ ಕಡೆ ಸಾಗಿಸಿದರು, ಕ್ಲಾಮ್‌ಡಿ ಇಲ್ಲೇ ಉಳಿಯಿತು. ಅಪ್‌ಲೋಡ್ ಯಾವುದೂ ಇಲ್ಲ. ಕ್ಲಾಮ್‌ಡಿ ಲಾಗ್‌ನಲ್ಲಿ ಅಂದಿನಿಂದ ಒಂದೇ ಒಂದು ತಪಾಸಣೆ ಇಲ್ಲ, ಬರೀ ರೀಲೋಡ್. ದಿನಾ ಪಟ್ಟಿ ತರಿಸಿಕೊಂಡು, ದಿನಾ ಸರ್ವರ್ ನಿಲ್ಲಿಸಿ, ಯಾವ ಫೈಲನ್ನೂ ನೋಡದೆ ಮಲಗುತ್ತಿತ್ತು. ಇವತ್ತು ರಾತ್ರಿ ತೆಗೆಯುತ್ತೇನೆ.

ಮೌನಕರ್ನಲ್
ಫ್ರೆಶ್‌ಕ್ಲಾಮ್ ಅನ್ನೂ ನಿಲ್ಲಿಸಿ, ಅದು ಬೇರೆ ಸರ್ವಿಸ್.

ಬೈಟ್‌ಬಳ್ಳಿ
ಜೀರ್ಯಾಮ್ ಕೂಡ ಹಾಕಲಿ ಅಲ್ವಾ? ಪುಟಗಳನ್ನು ಕುಗ್ಗಿಸಿ ಮೆಮೊರಿಯಲ್ಲೇ ಇಡುತ್ತದೆ, ಡಿಸ್ಕ್‌ಗಿಂತ ಸಾವಿರಾರು ಪಟ್ಟು ವೇಗ.

ಗಿರಕಿ7200
ಈ ಸ್ಥಿತಿಗೆ ಒಳ್ಳೆಯದೇ, ಸಿಪಿಯು ಹೇಗೂ ಖಾಲಿ ಇದೆ. 512 ಎಂಬಿಯಿಂದ ಶುರು ಮಾಡಿ, ಅದಕ್ಕೆ ಡಿಸ್ಕ್ ಸ್ವಾಪ್‌ಗಿಂತ ಹೆಚ್ಚಿನ ಆದ್ಯತೆ ಕೊಡಿ. ಆದರೆ ಮೊದಲೇ ಹಾಕಿದ್ದರೆ ಕ್ಲಾಮ್‌ಡಿ ಇನ್ನೂ ಆರು ತಿಂಗಳು ಬಚ್ಚಿಟ್ಟುಕೊಂಡೇ ಇರುತ್ತಿತ್ತು.

ವೇಗಪ್ರಿಯ
ಮುಂದೆ ಹೇಳುವ ಪ್ಯಾಚ್‌ನ ಭಾರ ಇಳಿಸುವ ಪಿಸಿಐಡಿ ಅನ್ನುವ ಸೌಲಭ್ಯ ಕೋರ್ 2ಗೆ ಇಲ್ಲ. ಪ್ರೊಸೆಸರ್‌ನ ಭದ್ರತಾ ದೋಷ ಮುಚ್ಚುವ 2018ರ ಮೆಲ್ಟ್‌ಡೌನ್ ಪ್ಯಾಚ್ ಇಂಥ ಪ್ರೊಸೆಸರ್‌ಗೆ ಭಾರ. ಮಿಟಿಗೇಶನ್ಸ್, ಅಂದ್ರೆ ಅಂಥ ರಕ್ಷಣೆಗಳನ್ನು, ಆಫ್ ಮಾಡಿದರೆ ಇನ್ನೂ ವೇಗ ಸಿಗುತ್ತದೆ.

ಮೌನಕರ್ನಲ್
ಭಾರ ನಿಜ. ಆದರೆ ಎಸ್‌ವೈ 4 ಇದ್ದ, ಅಂದ್ರೆ ಕರ್ನಲ್ ಕೆಲಸಕ್ಕೆ ಸಿಪಿಯುವಿನ 4% ಮಾತ್ರ ಹೋಗುತ್ತಿದ್ದ ಸರ್ವರ್‌ನಲ್ಲಿ ಅದರಿಂದ ಏನು ಉಳಿಯುತ್ತದೆ? ಹೊರಗಿನವರು ಬರುವ ಸರ್ವರ್‌ನಲ್ಲಿ ಬೀಗ ತೆಗೆದಿಡಬೇಡಿ.

ವೇಗಪ್ರಿಯ
ಆ 4 ನಾನು ನೋಡಿರಲಿಲ್ಲ. ಸರಿ, ಬೇಡ.

ಹಳೆಪೆಟ್ಟಿಗೆ
ಮೂರು ದಿನ ಕಾದು ಬರೆಯುತ್ತಿದ್ದೇನೆ.

ಒಟ್ಟು 1990, ಬಳಕೆ 742, ಫ್ರೀ 131, ಬಫರ್ ಮತ್ತು ಕ್ಯಾಶ್ 1117, ಅವೈಲಬಲ್ 1060
ಸ್ವಾಪ್ ಬಳಕೆ 9

ನಿನ್ನೆ 11:20ರ ವಿಎಂಸ್ಟ್ಯಾಟ್: ಬಿ 0, ಎಸ್‌ಐ 0, ಎಸ್‌ಒ 0, ಡಬ್ಲ್ಯುಎ 2. ಲೋಡ್ 0.4. ಪುಟ 0.3 ಸೆಕೆಂಡ್. ಮೂರು ದಿನದಲ್ಲಿ ಒಂದು ಸಲವೂ ನಿಲ್ಲಲಿಲ್ಲ. ಮೊದಲು 230 ಎಂಬಿಗೆ ಇಕ್ಕಟ್ಟಾಗಿದ್ದ ಕ್ಯಾಶ್ ಈಗ ಒಂದು ಜಿಬಿ ದಾಟಿದೆ, ಪುಸ್ತಕ ಪಟ್ಟಿಯ ಫೈಲ್‌ಗಳು ಪೂರ್ತಿ ಅದರಲ್ಲೇ ಕೂತಿವೆ ಅನಿಸುತ್ತದೆ.

ಭಾನುವಾರ ಪೆಟ್ಟಿಗೆಯನ್ನೂ ಬಿಚ್ಚಿದೆ ತಿರುಪುಳಿ ಅವರೇ. ಕಂಬಳಿ ಇರಲಿಲ್ಲ, ಆದರೆ ಡಿಸ್ಕ್ ಮುಂದಿನ ಫ್ಯಾನ್ ತಿರುಗುತ್ತಲೇ ಇರಲಿಲ್ಲ. ಬದಲಾಯಿಸಿದೆ.

ತಿರುಪುಳಿ
ಅದು ದೊಡ್ಡ ಕೆಲಸ ಆಯ್ತು. ಡಿಸ್ಕ್ ಉಷ್ಣತೆ ಈಗ ಎಷ್ಟಿದೆ?

ಹಳೆಪೆಟ್ಟಿಗೆ
49 ಇತ್ತು, 36ಕ್ಕೆ ಇಳಿದಿದೆ.

ಲೆಕ್ಕಿಗ
ಮ್ಯಾಕ್ಸ್‌ರಿಕ್ವೆಸ್ಟ್‌ವರ್ಕರ್ಸ್ ಈಗ 12ರಿಂದ 25ಕ್ಕೆ ಏರಿಸಬಹುದು. ಹೆಚ್ಚಾಗುವುದು 13, ಒಂದಕ್ಕೆ 22ರ ಹಾಗೆ 286 ಎಂಬಿ. ಆಮೇಲೂ ಅವೈಲಬಲ್ 700 ಮೇಲೆ ಉಳಿಯುತ್ತದೆ.

ಹಳೆಪೆಟ್ಟಿಗೆ
ಸೋಮವಾರ ಏರಿಸಿ ಅಂಕಿ ಹಾಕುತ್ತೇನೆ. ಅದೊಂದೇ ಬದಲಾವಣೆ, ಬೇರೆ ಏನೂ ಮುಟ್ಟುವುದಿಲ್ಲ.